ಅರವತ್ತೊಂದನೇ ಪುಟದ ಭಾನುವಾರ

ನಮ್ಮ ಮುದ್ರಣಾಲಯದಲ್ಲಿ ಕರಡು ತಿದ್ದುವುದು ಒಬ್ಬರ ಕೆಲಸವಲ್ಲ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟುಕೊಂಡು ಹೋಗಬೇಕು. ಓದುವವರು ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳಬೇಕು. ಕ್ರೈಸ್ತರ ಧರ್ಮಗ್ರಂಥ ಅಚ್ಚಾಗುವ ಜಾಗವಾದ್ದರಿಂದ ಹಿಂದಿನವರು ಮಾಡಿಟ್ಟ ಪದ್ಧತಿ ಇದು. ಕಂಪ್ಯೂಟರು ಬಂದು ಎಷ್ಟೋ ವರ್ಷವಾದರೂ ಬಿಟ್ಟಿಲ್ಲ. ನನ್ನ ಜೊತೆ ಓದುವಾಕೆ ಗಂಡನ ಹತ್ತಿರ ಜಗಳವಾಡುವಾಗಲೂ ಪೂರ್ಣವಿರಾಮ ಹಾಕುತ್ತಾಳೆಂದು ಎಲ್ಲರೂ ಆಡಿಕೊಳ್ಳುತ್ತಾರೆ. ಆಕೆಗೆ ವಿರಾಮಕ್ಕ ಎಂದೇ ಹೆಸರು.

ಆ ತಿಂಗಳು ನಮ್ಮಿಬ್ಬರ ಮೇಜಿನ ಮೇಲೆ ಎರಡು ಕೆಲಸಗಳಿದ್ದವು. ಒಂದು, ಟಿಪ್ಪಣಿಗಳ ಸಮೇತ ಧರ್ಮಗ್ರಂಥ. ಟಿಪ್ಪಣಿ ಬರೆದವರು ಪಾದ್ರಿಗಳ ಕಾಲೇಜಿನಲ್ಲಿ ಗ್ರೀಕ್ ಕಲಿಸುವ ಮೇಷ್ಟ್ರು. ಇನ್ನೊಂದು, ನಮ್ಮಪ್ಪ ಭಾನುವಾರದ ಪ್ರಾರ್ಥನೆಯಲ್ಲಿ ಮಾಡಿದ ಐವತ್ತು ಪ್ರಸಂಗಗಳು, ಎಂದರೆ ಬೋಧನೆಗಳು. ಅಪ್ಪ ಮೂವತ್ತು ವರ್ಷ ಒಂದೇ ಚರ್ಚಿನ ಸಭೆಯಲ್ಲಿ ಪಾದ್ರಿಯಾಗಿದ್ದವರು. ಅವರಿಗೆ ಎಂಬತ್ತು ತುಂಬುವ ದಿನ ಪುಸ್ತಕ ಹೊರತರಬೇಕೆಂದು ಸಭೆಯ ಸಮಿತಿ ತೀರ್ಮಾನಿಸಿತ್ತು. ಹೊದಿಕೆಗೆ ಅಪ್ಪನ ಫೋಟೋ ಕೂಡ ಬಂದಿತ್ತು.

ಆ ಐವತ್ತರಲ್ಲಿ ಒಂದನ್ನೂ ಅಪ್ಪ ಬರೆದಿರಲಿಲ್ಲ. ಎಲ್ಲವನ್ನೂ ಬರೆದವಳು ನಮ್ಮಮ್ಮ.

ಇದು ನಮ್ಮ ಮನೆಯ ನಾಲ್ಕು ಗೋಡೆಗೆ ಗೊತ್ತಿದ್ದ ಸಂಗತಿ. ಮದುವೆಯಾದ ಹೊಸತರಲ್ಲಿ ಅಮ್ಮ ಒಂದು ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು, ಕಳೆದುಹೋದ ಕುರಿಯ ಕಥೆಯನ್ನು ವಿವರಿಸಿದಳಂತೆ. ಜನ ತಲೆದೂಗಿದರಂತೆ. ಮಾರನೆಯ ದಿನವೇ ಇಬ್ಬರು ಹಿರಿಯರು ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತು ಹೋದರು. ಅವರು ಹೋದಮೇಲೆ ಅಪ್ಪ ಊಟದ ಮೇಜಿನ ಮೇಲೆ ಧರ್ಮಗ್ರಂಥ ಬಿಚ್ಚಿ, ಯೇಸುವಿನ ಮಾತನ್ನು ಊರೂರಿಗೆ ಸಾರಿದ ಪೌಲ ತನ್ನ ಶಿಷ್ಯನಿಗೆ ಬರೆದನೆನ್ನುವ ಪತ್ರದಿಂದ ಆ ಭಾಗ ಓದಿದರು: ಹೆಂಗಸು ಮೌನವಾಗಿ ಕಲಿಯಬೇಕು, ಬೋಧಿಸಬಾರದು ಎನ್ನುವ ಭಾಗ. ಅಮ್ಮ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆ ವಾರ ಅಪ್ಪನಿಗೆ ಪ್ರಸಂಗ ಹೊಳೆಯಲಿಲ್ಲ. ಶುಕ್ರವಾರದವರೆಗೂ ಬಿಳಿ ಹಾಳೆಯ ಮುಂದೆ ಕೂತೇ ಇದ್ದರು. ಅಮ್ಮ ಹಳೆ ಕ್ಯಾಲೆಂಡರಿನ ಹಿಂಭಾಗದಲ್ಲಿ ನಾಲ್ಕು ಪುಟ ಬರೆದು ಅವರ ತಟ್ಟೆಯ ಪಕ್ಕ ಇಟ್ಟಳು. ಅಲ್ಲಿಂದ ಮೂವತ್ತು ವರ್ಷ ಅದೇ ನಡೆಯಿತು. ಶುಕ್ರವಾರ ಅಮ್ಮ ಬರೆಯುವುದು, ಶನಿವಾರ ಅಪ್ಪ ಅದನ್ನು ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದು, ಅಮ್ಮನ ಹಾಳೆಗಳು ಒಲೆಗೆ ಹೋಗುವುದು. ಪ್ರಸಂಗಪೀಠದ ಮೇಲೆ ಯಾರಾದರೂ ಹೆಂಗಸಿನ ಕೈಬರಹ ಕಂಡುಬಿಟ್ಟರೆ ಎಂದು ಅಪ್ಪನಿಗೆ ಭಯ.

ಅನುಮಾನ ಯಾರಿಗೂ ಬರಲಿಲ್ಲ. ಬರಬೇಕಾಗಿತ್ತು. ಒಲೆ ಹಚ್ಚಲು ಬಾರದ ಮನುಷ್ಯ ಹಾಲು ಉಕ್ಕುವ ಗಳಿಗೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡುತ್ತಿದ್ದರು. ಹಸಿ ಬಟ್ಟೆ ಹಿಂಡಿದವಳ ಅಂಗೈ ಹೇಗಿರುತ್ತದೆಂದು ಹೇಳುತ್ತಿದ್ದರು. ಮುಂದಿನ ಬೆಂಚಿನ ಗಂಡಸರು, ಅಯ್ಯನವರಿಗೆ ಅದೆಷ್ಟು ಲೋಕಾನುಭವ ಎಂದು ಬೆರಗಾಗುತ್ತಿದ್ದರು.

ಹಾಳೆಯ ಅಂಚಿನಲ್ಲಿ ಅಮ್ಮ ಬೇರೆ ಮಾತುಗಳನ್ನೂ ಬರೆಯುತ್ತಿದ್ದಳು. ‘ಇಲ್ಲಿ ನಿಲ್ಲಿಸಿ, ನೀರು ಕುಡಿಯಿರಿ.’ ‘ಕರಿ ಕೋಟಿನ ಗುಂಡಿ ಹೊಲಿದಿಟ್ಟಿದ್ದೇನೆ.’ ‘ಮಗಳ ಶಾಲೆಗೆ ಬುಧವಾರ ಹೋಗಿ ಬರಬೇಕು.’ ಎದುರು ಕೂತು ಮಾತಾಡುವ ರೂಢಿ ಅವರಿಬ್ಬರಿಗೂ ಇರಲಿಲ್ಲ. ಅಪ್ಪನಿಗೆ ಹೇಳಬೇಕಾದದ್ದನ್ನು ಅಮ್ಮ ಹೀಗೆ ಶುಕ್ರವಾರ ಅಂಚಿನಲ್ಲಿ ಹೇಳಿ ಮುಗಿಸುತ್ತಿದ್ದಳು.

ಅಮ್ಮ ತೀರಿಕೊಂಡು ಇಪ್ಪತ್ತಾರು ವರ್ಷ. ಗರ್ಭಕೋಶದಲ್ಲಿ ಕ್ಯಾನ್ಸರ್. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಎಲ್ಲ ಕೈಮೀರಿತ್ತು. ‘ಇಷ್ಟು ದಿನ ಯಾಕೆ ಬಿಟ್ರಿ?’ ಎಂದು ಡಾಕ್ಟರು ಕೇಳಿದರು. ‘ಅವಳು ಒಂದು ಮಾತೂ ಹೇಳ್ಲಿಲ್ಲ’ ಎಂದರು ಅಪ್ಪ. ಆಮೇಲೆ ಬಂದವರಿಗೆಲ್ಲ ಅದನ್ನೇ ಹೇಳಿದರು, ಇವತ್ತಿಗೂ ಹೇಳುತ್ತಾರೆ. ಆ ದನಿಯಲ್ಲಿ ದುಃಖವೂ ಇದೆ, ಅಮ್ಮನ ಮೇಲೆ ಒಂದು ದೂರೂ ಇದೆ. ಆ ದೂರು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು. ಆದರೆ ತಿರುಗಿ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಪುಸ್ತಕದ ಮಾತು ಬಂದ ದಿನವೇ ನಾನು ಕೇಳಿದೆ. ‘ಅಮ್ಮನ ಹೆಸರು ಹಾಕಿಸಿ ಅಪ್ಪ. ಒಳಗಡೆ ಎಲ್ಲಾದ್ರೂ ಒಂದು ಸಾಲು ಸಾಕು.’

ಅಪ್ಪ ಕಡ್ಡಿ ಮುರಿದಂತೆ ‘ಆಗಲ್ಲ’ ಎಂದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಬೇಡವೆಂದು ಹಠ. ಕಿಟಕಿಯ ಕಡೆ ಮುಖ ಮಾಡಿ ಹೇಳಿದರು, ‘ಹೆಂಗಸು ಬೋಧಿಸಬಾರದು ಅಂತಿದೆ. ಬೋಧಿಸಿದೋಳು ಅವಳೇ ಅಂತ ಈಗ ಹೇಳಿದ್ರೆ, ಅಷ್ಟು ವರ್ಷ ನಾನು ಮಾಡಿದ್ದೇನು? ಆ ಮಾತನ್ನ ಓದಿ ಅವಳನ್ನ ಕೂರಿಸಿದೋನು ನಾನೇ ಅಲ್ವಾ?’

ಎರಡು ವಾರದಲ್ಲಿ ಅದೇ ಪತ್ರ ನನ್ನ ಮೇಜಿಗೆ ಬಂತು. ವಿರಾಮಕ್ಕ ಮೇಷ್ಟ್ರ ಟಿಪ್ಪಣಿಯನ್ನು ಎಂದಿನಂತೆ ಏರಿಳಿತವಿಲ್ಲದೆ ಓದುತ್ತಿದ್ದಳು. ‘ಈ ಪತ್ರವನ್ನು ಪೌಲನೇ ಬರೆದನೆಂದು ಇಂದಿನ ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ ಪೂರ್ಣವಿರಾಮ ಇದರ ಮಾತಿನ ರೀತಿ ಅವನದಲ್ಲ ಅಲ್ಪವಿರಾಮ ಇದರಲ್ಲಿ ಬರುವ ಸಭೆಯ ಏರ್ಪಾಡು ಅವನ ಕಾಲದ್ದಲ್ಲ ಪೂರ್ಣವಿರಾಮ ಅವನ ನಂತರ ಯಾರೋ ಅವನ ಹೆಸರಿನಲ್ಲಿ ಬರೆದಿರಬೇಕು ಪೂರ್ಣವಿರಾಮ.’ ನನ್ನ ಬೆರಳು ಅಲ್ಲೇ ನಿಂತಿತು. ಅವಳು ಮುಂದೆ ಹೋಗಿಬಿಟ್ಟಿದ್ದಳು, ಕರೆದು ನಿಲ್ಲಿಸಬೇಕಾಯಿತು.

ಹೆಂಗಸರು ಬಾಯಿಮುಚ್ಚಿಕೊಂಡಿರಬೇಕೆಂಬ ಇಂಥದೇ ಮಾತು ಬೇರೊಂದು ಪತ್ರದಲ್ಲೂ ಉಂಟು. ಅದಕ್ಕೆ ಮೇಷ್ಟ್ರು ಇನ್ನೊಂದು ಟಿಪ್ಪಣಿ ಹಾಕಿದ್ದರು. ಕೆಲವು ಹಳೆಯ ಪ್ರತಿಗಳಲ್ಲಿ ಆ ಸಾಲುಗಳು ಬೇರೆ ಜಾಗದಲ್ಲಿವೆಯಂತೆ. ಯಾರೋ ಅಂಚಿನಲ್ಲಿ ಬರೆದುಕೊಂಡದ್ದನ್ನು, ನಕಲು ಮಾಡುವವನು ಮೂಲದ್ದೇ ಎಂದುಕೊಂಡು ಒಳಗೆ ಸೇರಿಸಿರಬಹುದು ಎಂದು ಕೆಲವರ ಊಹೆಯಂತೆ. ಮ್ಯಾನೇಜರು ಎರಡು ಟಿಪ್ಪಣಿಗಳನ್ನೂ ಇದ್ದುದರಲ್ಲೇ ಸಣ್ಣ ಅಕ್ಷರಕ್ಕೆ ಇಳಿಸಿದರು. ‘ಓದಲೇಬೇಕು ಅಂತ ಹಠ ಇರೋರು ಓದ್ಕೊಳ್ಳಲಿ ಬಿಡಿ’ ಎಂದರು.

ಅವತ್ತೇ ಸಂಜೆ ಆ ಟಿಪ್ಪಣಿಯನ್ನು ಅಪ್ಪನಿಗೆ ಓದಿ ಹೇಳಿದೆ. ನನ್ನ ದನಿಯಲ್ಲಿ ಗೆದ್ದವಳ ಬಿಂಕವಿತ್ತು, ಸುಳ್ಳು ಯಾಕೆ ಹೇಳಲಿ.

ಅಪ್ಪ ಎರಡು ಸಲ ಓದಿಸಿಕೊಂಡರು. ‘ಯಾರೋ ಅಂದ್ರೆ ಯಾರು?’

‘ಗೊತ್ತಿಲ್ಲ ಅಪ್ಪ. ಹೆಸರಿಲ್ಲದ ಯಾರೋ ಒಬ್ಬ.’

‘ನಾನು ಕಾಲೇಜಲ್ಲಿದ್ದಾಗ್ಲೂ ಒಬ್ಬರು ಮೇಷ್ಟ್ರು ಹೀಗೇ ಅಂದಿದ್ರು. ನಾವು ನಕ್ಕಿದ್ವಿ.’ ಕಾಫಿ ಕಪ್ಪಿನ ಕಿವಿ ಸವರಿದರು. ‘ಹೆಸರು ಅವನದಲ್ಲ ಅಂದ ಮಾತ್ರಕ್ಕೆ ಮಾತು ಸುಳ್ಳಾಗುತ್ತಾ ಮಗಳೇ? ನಿಮ್ಮಮ್ಮ ಬರೆದದ್ದನ್ನ ನನ್ನ ಬಾಯಲ್ಲಿ ಕೇಳಿ ಎಷ್ಟು ಜನ ಕಣ್ಣೀರು ಒರೆಸಿಕೊಂಡಿಲ್ಲ? ಅದೂ ಸುಳ್ಳಾ?’

‘ಹಾಗಾದ್ರೆ ಅದನ್ನೇ ಬರೆಸಿ. ಮಾತು ಅವಳದು, ಬಾಯಿ ನನ್ನದು ಅಂತ. ಪೌಲನ ಇನ್ನೊಂದು ಪತ್ರದಲ್ಲಿ, ಅವನು ಹೇಳಿದ್ದನ್ನ ಬರೆದುಕೊಂಡ ಗುಮಾಸ್ತ ಕೂಡ ಕೊನೆಗೆ ತನ್ನ ಹೆಸರು ಹೇಳಿ ವಂದನೆ ತಿಳಿಸಿದ್ದಾನೆ. ಅಮ್ಮನಿಗೆ ಅಷ್ಟೂ ಇಲ್ವಾ?’

‘ಗುಮಾಸ್ತ ಗಂಡಸು’ ಎಂದರು ಅಪ್ಪ. ನನಗೆ ನಗು ಬಂತು, ಅವರಿಗೆ ಬರಲಿಲ್ಲ. ‘ಆ ಪತ್ರ ಬಿದ್ರೆ ನಾನೂ ಬೀಳ್ತೀನಿ. ಈ ವಯಸ್ಸಲ್ಲಿ ಬೇಡ. ನಾನು ಹೋದಮೇಲೆ ನೀನು ಏನು ಬೇಕಾದ್ರೂ ಹಾಕಿಸ್ಕೋ.’ ಅಲ್ಲಿಗೆ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದರು.

ನಾನು ಸೋತೆ ಎಂದುಕೊಂಡೆ. ಅಪ್ಪನ ಪುಸ್ತಕದ ಕರಡು ಶುರುವಾಯಿತು. ಮೂಲವೆಂದರೆ ಅಪ್ಪನ ನೋಟ್‌ಬುಕ್ಕುಗಳು; ಅಮ್ಮನದೇನೂ ಉಳಿದಿರಲಿಲ್ಲ. ವಿರಾಮಕ್ಕ ಓದುತ್ತ ಹೋದಳು, ನಾನು ಬೆರಳಿಟ್ಟುಕೊಂಡು ಹಿಂಬಾಲಿಸಿದೆ. ಅಮ್ಮ ಅಡುಗೆಮನೆಯಲ್ಲಿ ಹೇಳುತ್ತಿದ್ದ ಮಾತುಗಳು ಒಂದೊಂದಾಗಿ ಬಂದವು. ಊಟದ ಬಿಡುವಿನಲ್ಲಿ ಕೈ ತೊಳೆಯುವ ನೆಪದಲ್ಲಿ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದೆ.

ಮೂರನೆಯ ದಿನ ಅರವತ್ತೊಂದನೇ ಪುಟಕ್ಕೆ ಬಂದೆವು. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಜನರ ನಡುವೆ ಹಿಂದಿನಿಂದ ಬಂದು ಯೇಸುವಿನ ಅಂಗಿಯ ಅಂಚು ಮುಟ್ಟಿ ಗುಣವಾದಳಲ್ಲ, ಆ ಕಥೆಯ ಮೇಲಿನ ಪ್ರಸಂಗ. ಅದು ನಮ್ಮ ಸಭೆಯಲ್ಲಿ ಹೆಸರಾದದ್ದು. ಅಮ್ಮ ಅದರಲ್ಲಿ ಆ ಹೆಂಗಸೇ ಮಾತಾಡುವಂತೆ ಬರೆದಿದ್ದಳು. ಅಪ್ಪ ಓದಿದ ದಿನ ಗಂಡಸರ ಕಡೆಯ ಬೆಂಚುಗಳಲ್ಲೂ ಕರವಸ್ತ್ರಗಳು ಹೊರಬಂದಿದ್ದವು. ನಾನಾಗ ಇಪ್ಪತ್ತೆರಡರವಳು, ಮೂರನೇ ಬೆಂಚಿನಲ್ಲಿ ಅಮ್ಮನ ಪಕ್ಕ ಕೂತಿದ್ದೆ.

‘ಹನ್ನೆರಡು ವರ್ಷ ನಾನು ಯಾರ ಎದುರಿಗೂ ಬರಲಿಲ್ಲ ಪೂರ್ಣವಿರಾಮ ಕಂಡ ವೈದ್ಯರನ್ನೆಲ್ಲ ಕಂಡೆ ಪೂರ್ಣವಿರಾಮ’ ಎಂದು ವಿರಾಮಕ್ಕ ಓದಿದಳು. ‘ಎರಡು ತಿಂಗಳಿಂದ ರಕ್ತ ನಿಲ್ಲುತ್ತಿಲ್ಲ ಪೂರ್ಣವಿರಾಮ ಎದುರು ನಿಂತು ಹೇಳಲು ನಾಚಿಕೆ ಪೂರ್ಣವಿರಾಮ ಈ ಭಾನುವಾರ ಮುಗಿಯಲಿ ಅಲ್ಪವಿರಾಮ ಆಮೇಲೆ ನನ್ನನ್ನು ಯಾರಿಗಾದರೂ ತೋರಿಸಿ ಪೂರ್ಣವಿರಾಮ.’

ಅವಳೇ ನಿಲ್ಲಿಸಿದಳು. ‘ಇದೇನೇ ಇದು? ಹನ್ನೆರಡು ವರ್ಷ ಅಂದೋಳು ಈಗ ಎರಡು ತಿಂಗಳು ಅಂತಾಳೆ. ಅದೂ ಇರ್ಲಿ. ಆ ಕಾಲದ ಯೆಹೂದಿ ಹೆಂಗಸಿಗೆ ಭಾನುವಾರ ಎಲ್ಲಿಂದ ಬಂತು? ಅವರ ಪ್ರಾರ್ಥನೆಯ ದಿನ ಶನಿವಾರ ಅಲ್ವಾ?’

ನೋಟ್‌ಬುಕ್ಕನ್ನು ಅವಳ ಕೈಯಿಂದ ಕಿತ್ತುಕೊಂಡೆ. ಅಪ್ಪನ ದುಂಡಗಿನ ಅಕ್ಷರ. ಒಂದೇ ಸಮ, ಒಂದೇ ಶಾಯಿ, ಎಲ್ಲೂ ತಡವರಿಸಿಲ್ಲ. ಮೇಲೆ ತಾರೀಖು ಇತ್ತು. ಅಮ್ಮ ತೀರಿಕೊಂಡದ್ದು ಅದಾದ ಹನ್ನೊಂದು ತಿಂಗಳಿಗೆ.

ಅದು ಪ್ರಸಂಗದ ಮಾತಾಗಿರಲಿಲ್ಲ. ಅಮ್ಮ ಅಂಚಿನಲ್ಲಿ ಅಪ್ಪನಿಗೆ ಬರೆದದ್ದಾಗಿತ್ತು. ಅಪ್ಪ ಅದನ್ನು ಓದಿರಲಿಲ್ಲ, ಬರೀ ಇಳಿಸಿಕೊಂಡಿದ್ದರು. ರಕ್ತದ ಮಾತು ಬಂದದ್ದರಿಂದ ಕಥೆಯ ಹೆಂಗಸಿನದೇ ಎಂದುಕೊಂಡು ಒಳಗೆ ಸೇರಿಸಿ, ಹಾಳೆಯನ್ನು ಒಲೆಗೆ ಹಾಕಿ, ಮಾರನೆಯ ದಿನ ಇಡೀ ಸಭೆಯ ಮುಂದೆ ದನಿ ನಡುಗಿಸುತ್ತ ಓದಿದ್ದರು.

ಆ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಅಮ್ಮನ ತೊಡೆಯ ಮೇಲಿದ್ದ ಹಾಡಿನ ಪುಸ್ತಕ ಜಾರಿ ಕೆಳಗೆ ಬಿತ್ತು. ಎತ್ತಿಕೊಟ್ಟೆ, ಅವಳು ತೆಗೆದುಕೊಳ್ಳಲಿಲ್ಲ. ಸುತ್ತ ಎಲ್ಲರೂ ಅಳುತ್ತಿದ್ದರು, ಅವಳು ಮಾತ್ರ ಪೀಠವನ್ನೇ ನೋಡುತ್ತಿದ್ದಳು. ಮನೆಗೆ ಬಂದು ಬಡಿಸುವಾಗ, ‘ಚೆನ್ನಾಗಿ ಓದಿದ್ರಿ’ ಎಂದಳು. ಅಪ್ಪ ಹೂಂ ಎಂದರು. ಅದಾದಮೇಲೆ ಅಮ್ಮ ಯಾವತ್ತೂ ಅಂಚಿನಲ್ಲಿ ಏನೂ ಬರೆಯಲಿಲ್ಲ ಎಂದು ನನಗನಿಸುತ್ತದೆ. ಖಚಿತವಾಗಿ ಹೇಳಲು ಹಾಳೆಗಳಿಲ್ಲ.

‘ಪ್ರಶ್ನೆ ಹಾಕ್ಲಾ?’ ಎಂದು ವಿರಾಮಕ್ಕ ಮೆಲ್ಲಗೆ ಕೇಳಿದಳು. ನಮ್ಮಲ್ಲಿ ಸಂಶಯ ಬಂದರೆ ಲೇಖಕರಿಗೆ ಒಂದು ಹಾಳೆ ಹೋಗುತ್ತದೆ. ಎಡಕ್ಕೆ ಪ್ರಶ್ನೆ, ಬಲಕ್ಕೆ ಲೇಖಕರ ಉತ್ತರ, ಕೆಳಗೆ ಲೇಖಕರ ಸಹಿ. ಸಹಿ ಇಲ್ಲದೆ ಆ ಪುಟ ಅಚ್ಚಿಗೆ ಹೋಗುವ ಹಾಗಿಲ್ಲ.

‘ನಾನೇ ಹಾಕ್ತೀನಿ’ ಎಂದೆ.

ಮನೆಗೆ ನಡೆದು ಹೋಗುವಾಗ ಅಪ್ಪನನ್ನು ಚುಚ್ಚಬೇಕೆಂಬ ಆಸೆ ನನಗಿತ್ತು. ‘ಒಂದು ಮಾತೂ ಹೇಳ್ಲಿಲ್ಲ’ ಎನ್ನುವ ಆ ದೂರಿಗೆ ಇಪ್ಪತ್ತಾರು ವರ್ಷದ ಮೇಲೆ ಉತ್ತರ ಸಿಕ್ಕಿತ್ತು. ಮೆಟ್ಟಿಲು ಹತ್ತುವಾಗ ಆ ಆಸೆ ಹೋಯಿತು, ಬರೀ ಭಯ ಉಳಿಯಿತು. ಹೇಳದೆ ಬಿಟ್ಟರೆ ಅಪ್ಪ ನೆಮ್ಮದಿಯಾಗಿ ಸಾಯುತ್ತಾರೆ, ಅಮ್ಮ ಮಾತ್ರ ಏನೂ ಹೇಳದೆ ಸತ್ತವಳಾಗಿಯೇ ಉಳಿಯುತ್ತಾಳೆ. ನಾನು ಅಮ್ಮನ ಕಡೆ ನಿಂತೆ.

ಅಪ್ಪ ಕಿಟಕಿಯ ಪಕ್ಕ ಕೂತಿದ್ದರು. ಹಾಳೆ ಬಿಚ್ಚಿ ಓದಿದೆ. ‘ಪುಟ ಅರವತ್ತೊಂದು. ಎರಡು ತಿಂಗಳು, ಭಾನುವಾರ. ಈ ಮಾತುಗಳು ಇಲ್ಲಿ ಹೊಂದುವುದಿಲ್ಲ. ಇರಲೋ, ತೆಗೆಯಲೋ?’ ಆಮೇಲೆ ಆ ಸಾಲುಗಳನ್ನು ಓದಿದೆ.

ಅಪ್ಪನ ಮುಖ ಅರಳಿತು. ‘ತೆಗೀಬೇಡ. ಜನ ಅತ್ತದ್ದೇ ಆ ಸಾಲಿಗೆ.’

‘ಅಪ್ಪ, ಅದು ಸಾಲಲ್ಲ. ಅಂಚಿನಲ್ಲಿದ್ದದ್ದು.’

‘ಯಾವ ಅಂಚು?’

‘ಅಮ್ಮನ ಹಾಳೆಯ ಅಂಚು. ನೀರು ಕುಡೀರಿ, ಗುಂಡಿ ಹೊಲ್ದಿದೀನಿ ಅಂತೆಲ್ಲ ಅಮ್ಮ ಬರೀತಿದ್ರಲ್ಲ. ಆ ಥರದ್ದು.’

ಅಪ್ಪ ಇನ್ನೊಮ್ಮೆ ಓದು ಎಂದರು. ಓದಿದೆ. ಇನ್ನೊಮ್ಮೆ ಎಂದರು. ಮೂರನೆಯ ಸಲ ‘ನಾಚಿಕೆ’ ಎನ್ನುವಲ್ಲಿಗೆ ಬಂದಾಗ ಕೈ ಎತ್ತಿದರು. ಆ ಕೈ ಎಷ್ಟೋ ಹೊತ್ತು ಹಾಗೇ ಗಾಳಿಯಲ್ಲಿ ನಿಂತಿತ್ತು. ಕೆಳಗಿನ ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲು ಎಳೆದ ಸದ್ದಾಯಿತು.

‘ಬರೀವಾಗ ನಾನು ಓದ್ತಾನೇ ಇರ್ಲಿಲ್ಲ ಮಗಳೇ. ಕೈ ಬರೆಯೋದು, ಅಷ್ಟೇ. ನಾಳೆ ಎಲ್ಲಿ ದನಿ ಏರಿಸ್ಬೇಕು, ಎಲ್ಲಿ ಇಳಿಸ್ಬೇಕು ಅಂತ ಯೋಚಿಸ್ತಿದ್ದೆ.’ ಆಮೇಲೆ ಕೇಳಿದರು, ‘ಅವತ್ತು ಅವಳು ಬಂದಿದ್ಲಾ?’

‘ಮೂರನೇ ಬೆಂಚಲ್ಲಿದ್ರು.’

‘ಕೇಳಿಸ್ಕೊಂಡ್ಲಾ?’

‘ಕೇಳಿಸ್ಕೊಂಡ್ರು.’

‘ಹಾಗಾದ್ರೆ ಅವಳು ಹೇಳಿದ್ಲು.’

‘ಹೇಳಿದ್ರು ಅಪ್ಪ.’

ಎದ್ದು ಅವರ ಭುಜ ಹಿಡಿದುಕೊಳ್ಳಬೇಕೆನಿಸಿತು, ಹಾಳೆ ಹಿಡಿದುಕೊಂಡು ಕೂತೇ ಇದ್ದೆ.

‘ಭಾನುವಾರ ಮುಗಿಯಲಿ ಅಂದಿದಾಳೆ. ಮುಗಿದ ಮೇಲೆ ನಾನೇನು ಮಾಡ್ದೆ?’

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ‘ಊಟ ಮಾಡಿ ಮಲಗಿದ್ರಿ. ಎಂದಿನ ಹಾಗೆ ನಾಲ್ಕು ಗಂಟೆಗೆ ಎಬ್ಬಿಸಿ ಅಂದಿದ್ರಿ. ನಾವು ಸದ್ದು ಮಾಡದೆ ಅಡುಗೆಮನೆಯಲ್ಲಿ ಕೂತಿದ್ವಿ.’

ಅಪ್ಪ ಪೆನ್ನು ಕೇಳಿದರು. ಹಾಳೆಯ ಕೆಳಗಿನ ಗೆರೆಯ ಮೇಲೆ ಅವರ ಕೈ ಹಿಡಿದು ಇಟ್ಟೆ. ‘ಇಲ್ಲೇ ಅಲ್ವಾ ಬರೆದವರ ಸಹಿ?’ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಆ ದುಂಡಗಿನ ಅಕ್ಷರದಲ್ಲಿ, ಗೆರೆಗಿಂತ ಕೆಳಕ್ಕೆ ಜಾರುತ್ತ, ಅಮ್ಮನ ಹೆಸರು ಬರೆದರು. ‘ಹೊದಿಕೆ ಮೇಲೂ ಇದನ್ನೇ ಹಾಕ್ಸು. ನನ್ನ ಫೋಟೋ ತೆಗೆಸು’ ಎಂದರು.

ವಾರದೊಳಗೆ ಸಮಿತಿಯ ಕಾರ್ಯದರ್ಶಿ ಮುದ್ರಣಾಲಯಕ್ಕೆ ಬಂದರು. ಒಳ್ಳೆಯ ಮನುಷ್ಯ, ಧ್ವನಿ ಎತ್ತುವವರಲ್ಲ. ‘ಅಯ್ಯನವರಿಗೆ ವಯಸ್ಸಾಯ್ತು, ಏನೋ ಹೇಳ್ತಾರೆ’ ಎಂದರು. ನಾನು ನಿಜ ಸಂಗತಿ ಹೇಳಿದೆ. ಅವರು ಬೆವರು ಒರೆಸಿಕೊಂಡರು. ‘ಹಾಗಿದ್ರಂತೂ ಸಭೆಯಿಂದ ತರೋಕೇ ಆಗಲ್ಲಮ್ಮ. ಹೆಂಗಸಿನ ಬೋಧನೆ ಅಂತಾಗುತ್ತೆ. ಪತ್ರದಲ್ಲಿ ಸ್ಪಷ್ಟವಾಗಿದೆಯಲ್ಲ.’

ಮೇಜಿನ ಮೇಲಿದ್ದ ಕರಡು ತೆಗೆದು, ಆ ಸಣ್ಣ ಅಕ್ಷರದ ಟಿಪ್ಪಣಿಯನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು.

‘ಯಾರು ಬರೆದ್ರೇನಮ್ಮ? ಧರ್ಮಗ್ರಂಥದಲ್ಲಿದೆ ಅಂದಮೇಲೆ ಮುಗೀತು.’

‘ಹಾಗಾದ್ರೆ ಪ್ರಸಂಗಾನೂ ಯಾರು ಬರೆದ್ರೇನು ಸರ್? ನೀವೂ ಅತ್ತಿದ್ರಿ ಅವತ್ತು.’

‘ಅದು ಬೇರೆ, ಇದು ಬೇರೆ’ ಎಂದರು. ವಿರಾಮಕ್ಕ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದಳು, ಗಾಳಿ ಏನೂ ಇರಲಿಲ್ಲ.

ಟಿಪ್ಪಣಿಯ ಗ್ರಂಥ ಹೇಳಿದ ದಿನಕ್ಕೆ ಹೊರಬಂತು. ಯಾರೋ ಪೌಲನ ಹೆಸರಿನಲ್ಲಿ ಬರೆದ ಪತ್ರ ಅದರ ಜಾಗದಲ್ಲೇ ಇದೆ, ಪೌಲನ ಹೆಸರಿನಲ್ಲೇ ಇದೆ. ಅಪ್ಪನ ಪುಸ್ತಕ ನಿಂತುಹೋಯಿತು. ಸಹಿಯಾದ ಆ ಹಾಳೆ ನನ್ನ ಡ್ರಾಯರಿನಲ್ಲಿದೆ. ಅಪ್ಪನಿಗೆ ಇದನ್ನೆಲ್ಲ ಹೇಳಿದಾಗ ತಲೆಯಾಡಿಸಿದರು, ಪುಸ್ತಕದ ಸುದ್ದಿಯನ್ನು ಮತ್ತೆ ಎತ್ತಲಿಲ್ಲ. ‘ಒಂದು ಮಾತೂ ಹೇಳ್ಲಿಲ್ಲ’ ಎನ್ನುವುದನ್ನೂ ನಿಲ್ಲಿಸಿದ್ದಾರೆ.

ಈಗ ಭಾನುವಾರ ಊಟವಾದ ಮೇಲೆ ಅಪ್ಪ ಮಲಗುವುದಿಲ್ಲ. ಕರಿ ಕೋಟು ಹಾಕಿಕೊಂಡು, ಷೂ ತಡಕಾಡಿ ಹುಡುಕಿ ಮೆಟ್ಟಿಕೊಂಡು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ‘ಆಯ್ತಾ? ಹೊರಡೋಣ್ವಾ?’ ಎಂದು ಕೇಳುತ್ತಾರೆ. ಎಲ್ಲಿಗೆ ಎಂದು ನಾನು ಕೇಳುವುದಿಲ್ಲ. ‘ಇನ್ನೊಂದು ಸ್ವಲ್ಪ ಹೊತ್ತು ಅಪ್ಪ’ ಎನ್ನುತ್ತೇನೆ. ನಾಲ್ಕು ಗಂಟೆಯವರೆಗೂ ಹಾಗೇ ಕೂತಿರುತ್ತಾರೆ.